ಗೌತಮಿಯ ಹೆಬ್ಬೆರಳು

ನಂಜನಗೂಡು
೮ ಮೇ ೨೦೨೫

ಪ್ರೀತಿಯ ಶಿವನಂಜಮ್ಮ ಅತ್ತಿಗೆಗೆ ಹೇಮಲತಾಳ ನಮಸ್ಕಾರ.

ಫೋನ್ ಮಾಡಿದರೆ ಗೌತಮಿಯೇ ಎತ್ತುತ್ತಾಳೆ, ಅದಕ್ಕೇ ಈ ಕಾಗದ. ಕನ್ನಡಕ ಹಾಕಿಕೊಂಡು ನೀವೇ ಓದಿ, ಅವಳ ಕೈಯಲ್ಲಿ ಓದಿಸಬೇಡಿ. ನಾನು ಇಂಗ್ಲಿಷಿನಲ್ಲೇ ಓದಿದವಳು, ತಪ್ಪಿದ್ದರೆ ಮನ್ನಿಸಿ.

ಸೋಮವಾರದಿಂದ ಶಾಲೆಯಲ್ಲಿ ಅವಳಿಗೆ ವಿಶೇಷ ತರಗತಿಯಿದೆ. ರಜೆಗೆಂದು ಮಗಳು ನಿಮ್ಮಲ್ಲಿದ್ದದ್ದು ಸಾಕು. ಭಾನುವಾರ ಬನ್ನೂರಿನಲ್ಲಿ ಬಸ್ ಹತ್ತಿಸಿಬಿಡಿ.

ಹೋದ ವಾರ ನಾನು ಬಂದಾಗ ಕೊಟ್ಟಿಗೆಯಲ್ಲಿ ಹಾಲು ಚೆಲ್ಲಿತಲ್ಲ, ಅದು ಅವಳ ತಪ್ಪಲ್ಲ. "ಕೈ ಜಾರ್ತು ಅತ್ತೆ" ಎಂದು ನಿಮಗೆ ಹೇಳಿದಳು, ನನ್ನನ್ನು ಉಳಿಸಲು. ಅದು ಚೆಲ್ಲಿದಾಗ ನೀವು ಹುಲ್ಲು ತರಲು ಹೋಗಿದ್ದಿರಿ. ಅವಳು ಹಸುವಿನ ಪಕ್ಕೆಗೆ ಹಣೆ ಆನಿಸಿ ಕೂತು, ಹೆಬ್ಬೆರಳು ಮಡಚಿ ಹಾಲು ಕರೆಯುತ್ತಿದ್ದಳು. ಹಾಗೆ ಕರೆಯಬಾರದೆಂದು ನಾನು ಬಸ್ಸಿನಲ್ಲಿ ಬರುವಾಗ ಮೊಬೈಲಿನಲ್ಲಿ ನೋಡಿಕೊಂಡಿದ್ದೆ. "ಗೌತಮಿ, ಥಂಬ್!" ಎಂದು ತರಗತಿಯ ದನಿಯಲ್ಲೇ ಕೂಗಿದೆ. ಹಸು ಬೆದರಿ ಒದೆಯಿತು.

ಓಡಿಬಂದ ನೀವು ಬಕೆಟ್ ನೋಡಲಿಲ್ಲ, ಅವಳ ಮೊಣಕಾಲು ನೋಡಿದಿರಿ. ನಾನು ಬೆರಳಿನ ಮಾತೆತ್ತಿದರೆ, "ನಂಗೊತ್ತು ಬುಡು ಏಮಾ. ಇನ್ನಾಕು ದಿನ ಕರುದ್ರೆ ಎಬ್ಬೆಟ್ಟು ನೋಯ್ತದೆ, ಆಗ ತಾನಾಗೇ ನೆಟ್ಗಾಯ್ತದೆ. ಒದೆ ತಿನ್ದೆ ಆಲು ಕರೆಯಾದ ಕಲ್ತೋರು ಯಾರವ್ರೆ?" ಎಂದು ನಕ್ಕಿರಿ. ಗೌತಮಿಯೂ ನಕ್ಕಳು. ಆ ನಗು ನಮ್ಮ ಮನೆಯಲ್ಲಿ ನಾನು ಕೇಳಿಲ್ಲ.

ಬಸ್ಸಿಗೆ ಬಿಡಲು ಬಂದವಳು, "ಅತ್ತೆ ಹತ್ರ ತಪ್ಪು ಮಾಡಿದ್ರೂ ಭಯ ಆಗಲ್ಲಮ್ಮ" ಅಂದಳು. ಚುಚ್ಚಬೇಕೆಂದು ಅಂದದ್ದಲ್ಲ, ನನಗೆ ಸಂತೋಷವಾಗಲೆಂದು ಹೇಳಿದಳು.

ಹದಿನೆಂಟು ವರ್ಷದಿಂದ ನಾನು ಗಣಿತದ ಟೀಚರ್. ನನ್ನ ಮುಂದೆ ಲೆಕ್ಕ ಮಾಡುವಾಗ ನನ್ನ ಮಗಳು ಎಡಗೈಯಿಂದ ಪುಟ ಮುಚ್ಚಿಕೊಳ್ಳುತ್ತಾಳೆ. ತಪ್ಪು ಕಂಡ ಕ್ಷಣವೇ ತಿದ್ದುವುದು ಕಲಿಸುವುದು ಎಂದುಕೊಂಡಿದ್ದೆ. ನನಗೆ ಕಲಿಸಿದವರೂ ಹಾಗೇ ಕಲಿಸಿದರು. ನಾಳೆ ಇವಳು ತನ್ನ ಮಕ್ಕಳಿಗೆ ಯಾರ ಹಾಗೆ ಕಲಿಸಿಯಾಳು? ನಿಮ್ಮ ಹಾಗೆಯೇ. ಹಾಗಾದರೇ ಒಳ್ಳೆಯದು ಎಂದೂ ಗೊತ್ತು. ಆದರೂ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಿಮ್ಮನ್ನು ನೆನೆದರೆ ಹೊಟ್ಟೆಯಲ್ಲಿ ಕಿಚ್ಚು ಹತ್ತುತ್ತದೆ, ಅತ್ತಿಗೆ. ನಾಚಿಕೆಯಾಗುತ್ತದೆ, ಕಿಚ್ಚು ಮಾತ್ರ ಆರುವುದಿಲ್ಲ.

ಅವಳನ್ನು ಕಳಿಸಿಕೊಡಿ.

ನಿಮ್ಮ,
ಹೇಮಾ

ಇನ್ನೊಂದು ಮಾತು: ವಿಶೇಷ ತರಗತಿ ಎಂದದ್ದು ಸುಳ್ಳು. ಶಾಲೆ ತೆರೆಯುವುದು ಇಪ್ಪತ್ತೊಂಬತ್ತಕ್ಕೆ. ಯಾವಾಗ ಹೋಗುತ್ತೀ ಎಂದು ಅವಳನ್ನೇ ಕೇಳಿ, ಆ ದಿನವೇ ಕಳಿಸಿ. ಕೇಳುವಾಗ ಇರು ಎಂದೂ ಹೋಗು ಎಂದೂ ಹೇಳಬೇಡಿ. ನೀವು ಹೇಳದಿದ್ದರೂ, ಅವಳು ಇರಲಿ ಎಂಬ ನಿಮ್ಮ ಮನಸ್ಸು ಅವಳಿಗೆ ಅರ್ಥವಾಗುತ್ತದೆ. ನನಗೆ ಅದೇ ಭಯ.