ಒಣಗಿದ ಮಸಿಯ ಒಪ್ಪುಚೀಟಿ

ಕೆಂಬಂಡೆ ವಿದ್ಯಾಪೀಠ
ಫೆಬ್ರವರಿ ೩೦, ೨೨೧೪

ಎರಡು ಶತಮಾನ ಹಿಂದಿರುವ ಹಿರಿಯರಿಗೆ,

ಮೇಲಿನ ತಾರೀಖು ನೋಡಿ ನಗಬೇಡಿ. ನಿಮ್ಮ ಫೆಬ್ರವರಿ ಮೂವತ್ತನೆಯ ದಿನವನ್ನು ಕಂಡೇ ಇರಲಿಲ್ಲವೆಂದು ನನಗೆ ಗೊತ್ತು. ನಮ್ಮ ಮುತ್ತಜ್ಜಂದಿರು ಪಂಚಾಂಗ ರಿಪೇರಿ ಮಾಡುವಾಗ ಎಲ್ಲ ತಿಂಗಳಿಗೂ ಮೂವತ್ತೇ ದಿನ ಹಂಚಿ, ಮಿಕ್ಕಿದ್ದನ್ನು ವರ್ಷದ ಕೊನೆಗೆ ರಜೆ ಮಾಡಿಕೊಂಡರು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಕ್ಷಮೆ ಕೇಳಬೇಕಾದ ದೊಡ್ಡ ಸಂಗತಿ ಬೇರೆಯೇ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ನನ್ನ ಹೆಸರು ಅಮರಮ್ಮ ಕಲಕೇರಿ. ನಲವತ್ತನಾಲ್ಕು ವರ್ಷ ಇಲ್ಲಿ ದಾರಿಗಾತಿಯಾಗಿದ್ದು ನಾಳೆ ನಿವೃತ್ತಳಾಗುತ್ತೇನೆ. ನೀವು ಆನರ್ಸ್ ಎನ್ನುತ್ತಿದ್ದ ಓದನ್ನು ನಾವು ಮೇಲೋದು ಎನ್ನುತ್ತೇವೆ. ಮೇಲೋದಿಗೆ ಬಂದ ಮಕ್ಕಳ ಜೊತೆ ಕೂತು, ಅವರು ಯಾವ ವಿಷಯ ಹಿಡಿಯಬೇಕು, ಯಾವ ಪ್ರಬಂಧ ಬರೆಯಬೇಕು ಎಂದು ದಾರಿ ತೋರುವವರು ನಾವು. ಈ ಕೆಲಸವನ್ನು ಹುಟ್ಟುಹಾಕಿದವರು ನಿಮ್ಮ ಕಾಲದವರು ಎಂಬ ನಂಬಿಕೆ ನಮ್ಮಲ್ಲಿದೆ. ಆದ್ದರಿಂದ ನಿವೃತ್ತಿಯ ಮುನ್ನಾದಿನ ನಿಮಗೊಂದು ಹಿಂದೋಲೆ, ಅಂದರೆ ಹಿಂದಿನ ಕಾಲಕ್ಕೊಂದು ಪತ್ರ, ಬರೆದು ಗ್ರಂಥಾಲಯದ ಗೋಡೆಯ ಡಬ್ಬಿಗೆ ಹಾಕುವುದು ನಮ್ಮ ಪದ್ಧತಿ. ಅದು ನಿಮಗೆ ತಲುಪುತ್ತದೆಂದು ಯಾರೂ ನಂಬಿಲ್ಲ, ಆದರೂ ಎಲ್ಲರೂ ತಪ್ಪದೆ ವಿಳಾಸ ಬರೆಯುತ್ತಾರೆ. ವಾಡಿಕೆಯಂತೆ ಅದರಲ್ಲಿ ಧನ್ಯವಾದ ಹೇಳಬೇಕು. ನನ್ನ ಕೈಯಲ್ಲಿ ಅದು ಆಗುತ್ತಿಲ್ಲ.

ನಮ್ಮ ದಿನಚರಿ ಸ್ವಲ್ಪ ಹೇಳುತ್ತೇನೆ, ಇಲ್ಲವಾದರೆ ನಾನು ಮಾಡಿದ್ದು ನಿಮಗೆ ಅರ್ಥವಾಗುವುದಿಲ್ಲ. ಇಲ್ಲಿ ಬಿಸಿಲು ಹೆಚ್ಚು. ತರಗತಿಗಳು ಸೂರ್ಯನ ಜೊತೆಗೇ ಎದ್ದು, ಹತ್ತು ಗಂಟೆಗೆಲ್ಲ ಬಂಡೆಯೊಳಗೆ ಕೊರೆದ ತಂಪುಸಾಲೆಗಳಿಗೆ ಇಳಿಯುತ್ತವೆ. ಮಕ್ಕಳು ಊರುಗಳಿಂದ ತೂಗುಬಂಡಿಯಲ್ಲಿ, ಅಂದರೆ ತಂತಿಯ ಮೇಲೆ ಓಡುವ ಡಬ್ಬಿಯಲ್ಲಿ, ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಬುತ್ತಿಯಲ್ಲಿ ಈಗಲೂ ಜೋಳದ ರೊಟ್ಟಿಯೇ, ಚಟ್ನಿಪುಡಿಯೇ. ಅಷ್ಟಾದರೂ ಉಳಿದಿದೆ ಎಂದು ನಿಮಗೆ ಸಮಾಧಾನವಾಗಲಿ. ಮೇಲೋದಿನ ಎರಡನೆಯ ವರ್ಷ ಪ್ರತಿ ವಿದ್ಯಾರ್ಥಿಯೂ ಒಂದು ಬೆಳಿಗ್ಗೆ ದಾರಿಕಟ್ಟೆಗೆ ಬರಬೇಕು. ಅದೊಂದು ಕಲ್ಲುಬೆಂಚು, ಪಕ್ಕದಲ್ಲಿ ಹನಿಗಡಿಗೆ. ಗಡಿಗೆಯ ನೀರು ತೊಟ್ಟಿಕ್ಕಿ ಮುಗಿಯಲು ಒಂದು ಗಳಿಗೆ, ನಿಮ್ಮ ಲೆಕ್ಕದಲ್ಲಿ ಇಪ್ಪತ್ತನಾಲ್ಕು ನಿಮಿಷ, ಬೇಕು. ಅಷ್ಟು ಹೊತ್ತು ವಿದ್ಯಾರ್ಥಿ ತನಗೆ ಬೇಕಾದ್ದನ್ನು ಹೇಳಬಹುದು. ದಾರಿಗಾತಿ ಮಾತ್ರ ಬಾಯಿ ಬಿಡುವಂತಿಲ್ಲ. ನೀರು ಮುಗಿದ ಮೇಲೆ ಇಬ್ಬರೂ ಮಾತಾಡಿ ಒಂದು ವಿಷಯಕ್ಕೆ ಬರುತ್ತಾರೆ. ಅದನ್ನು ದಾರಿಗಾತಿ ಅಲ್ಲೇ ಮಸಿಯಲ್ಲಿ ಒಪ್ಪುಚೀಟಿಯ ಮೇಲೆ ಬರೆಯುತ್ತಾಳೆ. ವಿದ್ಯಾರ್ಥಿ ಹಸಿ ಅಕ್ಷರದ ಮೇಲೆ ಹೆಬ್ಬೆರಳು ಒತ್ತುತ್ತಾನೆ. ಮಸಿ ಕಲೆಸಿಕೊಂಡಿದ್ದರೆ, ವಿದ್ಯಾರ್ಥಿಯ ಮಾತು ಕೇಳಿದ ಮೇಲೆಯೇ ಚೀಟಿ ಬರೆದದ್ದು ಎಂಬುದಕ್ಕೆ ಅದೇ ಸಾಕ್ಷಿ. ಕಲೆಸಿಕೊಳ್ಳದ ಚೀಟಿಯನ್ನು ಕಚೇರಿ ಹಿಂದಕ್ಕೆ ಕಳಿಸುತ್ತದೆ.

ಮೂವತ್ತು ವರ್ಷದ ಹಿಂದೆ ಗಾಳೆಮ್ಮ ಎಂಬ ಹುಡುಗಿ ನನ್ನ ಕಟ್ಟೆಗೆ ಬಂದಳು. ಬೂದಗಲ್ಲಿನವಳು. ಅದು ಕಲ್ಲುಗಣಿಗಳ ಊರು. ಕೊರೆಯುವ ಯಂತ್ರಗಳ ಸದ್ದಿಗೆ ಅಲ್ಲಿನವರ ಕಿವಿ ತಲೆಮಾರುಗಳಿಂದ ಮಂದವಾಗುತ್ತ ಬಂದು, ಅವರು ತಮ್ಮದೇ ಒಂದು ಕೈಮಾತು ಕಟ್ಟಿಕೊಂಡಿದ್ದರು. ಅದರಲ್ಲಿ ಬೈಗುಳ ಇತ್ತು, ಲಾಲಿ ಇತ್ತು, ಹೆಣ್ಣು ನೋಡುವ ಶಾಸ್ತ್ರದ ಮಾತುಗಳೂ ಇದ್ದವು. ಗಣಿ ಮುಚ್ಚಿದ ಮೇಲೆ ಹೊಸ ಮಕ್ಕಳಿಗೆ ಅದು ಬೇಕಾಗಲಿಲ್ಲ. ಬಲ್ಲ ಹಿರಿಯರು ಹನ್ನೊಂದು ಮಂದಿ ಉಳಿದಿದ್ದರು. ಗಾಳೆಮ್ಮನ ಅಜ್ಜಿ ಹಂಪವ್ವ ಅವರಲ್ಲೊಬ್ಬಳು. ಗಾಳೆಮ್ಮನ ಕಿವಿ ಚೆನ್ನಾಗಿಯೇ ಇತ್ತು, ಆದರೂ ಅವಳು ಅಜ್ಜಿಯ ತೊಡೆಯ ಮೇಲೆ ಕೂತು ಆ ಮಾತು ಕಲಿತಿದ್ದಳು. ಅದನ್ನೇ ತನ್ನ ಪ್ರಬಂಧ ಮಾಡುತ್ತೇನೆಂದು ಅರ್ಜಿಯಲ್ಲಿ ಬರೆದಿದ್ದಳು.

ಅರ್ಜಿ ಓದಿದಾಗ ನನ್ನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ನಮ್ಮಲ್ಲಿ ನಿಂತಸಾಲು ಎಂಬ ಮರ್ಯಾದೆಯಿದೆ. ಒಬ್ಬಳ ಕೈಕೆಳಗಿನ ನಲವತ್ತು ಮಕ್ಕಳು ಒಬ್ಬರೂ ತಪ್ಪದೆ ಮೇಲೋದು ಮುಗಿಸಿದರೆ ಆಕೆಯ ಹೆಸರನ್ನು ಕಲ್ಲುಬೆಂಚಿನಲ್ಲಿ ಕೊರೆಯುತ್ತಾರೆ. ನನ್ನ ಸಾಲಿನಲ್ಲಿ ಆಗಲೇ ಮೂವತ್ತೊಂಬತ್ತು ಮಕ್ಕಳು ಮುಗಿಸಿದ್ದರು. ಹನ್ನೊಂದು ಮುದುಕರನ್ನು ನಂಬಿ ಪ್ರಬಂಧ ಬರೆಯ ಹೊರಟ ಹುಡುಗಿ ನಡುವೆ ಎಡವುವುದೇ ಹೆಚ್ಚು. ಬೆಂಚಿನ ಮೇಲೆ ನನ್ನ ಹೆಸರು ಹೇಗೆ ಕಾಣುತ್ತದೆಂದು ನಾನು ಆಗಲೇ ಕಾಗದದ ಮೇಲೆ ಎರಡು ಸಲ ಬರೆದು ನೋಡಿದ್ದೆ. ಈಗ ಇದನ್ನು ಬರೆಯುವಾಗ ಮುಖ ಎಲ್ಲಿಡಬೇಕೋ ತಿಳಿಯುತ್ತಿಲ್ಲ.

ಹಿಂದಿನ ದಿನವೇ ಚೀಟಿ ಬರೆದಿಟ್ಟೆ. ‘ಬೂದಗಲ್ಲು ಗಣಿಗಳ ಧೂಳಿನ ಅಳತೆ.’ ಸುಲಭದ, ಸೋಲದ ವಿಷಯ.

ಗಾಳೆಮ್ಮ ಬಂದು ಕೂತಳು. ಹನಿಗಡಿಗೆ ತೊಟ್ಟಿಕ್ಕತೊಡಗಿತು. ಅವಳು ಬಾಯಿ ತೆರೆಯಲಿಲ್ಲ. ಇಡೀ ಗಳಿಗೆ ಕೈಯಲ್ಲೇ ಮಾತಾಡಿದಳು. ಬೆರಳುಗಳು ಮಡಿಚಿಕೊಂಡವು, ಬಿಚ್ಚಿಕೊಂಡವು, ಎದೆಗೆ ಬಂದವು, ಒಂದೆರಡು ಸಲ ತಾನೇ ನಕ್ಕಳು. ಅವಳ ಕೈ ನೋಡಬೇಕಾದ ನಾನು ಗಡಿಗೆಯಲ್ಲಿ ಇನ್ನೆಷ್ಟು ನೀರಿದೆಯೆಂದು ನೋಡುತ್ತ ಕೂತೆ. ನೀರು ಮುಗಿದಾಗ ನೀನು ಹೇಳಿದ್ದೇನು ಎಂದು ಕೇಳಲಿಲ್ಲ. ಆ ವಿಷಯದ ಅಪಾಯಗಳನ್ನು ಹಿರಿಯಳ ಕಾಳಜಿಯ ದನಿಯಲ್ಲಿ ವಿವರಿಸಿ, ಚೀಟಿ ಮುಂದಿಟ್ಟೆ. ಅವಳು ಹೆಬ್ಬೆರಳು ಒತ್ತಿದಳು. ಮಸಿ ಕದಲಲಿಲ್ಲ.

“ಮಸಿ ಒಣಗೈತಲ್ರೀ ಅಮ್ಮಾರ,” ಎಂದಳು.

ನಾನು ಏನು ಮಾಡಿದೆ ಗೊತ್ತೇ? ಗಡಿಗೆಯ ಕೆಳಗಿನ ಬಟ್ಟಲಲ್ಲಿ ಬೆರಳದ್ದಿ, ಅವಳ ಕಣ್ಣೆದುರಿಗೇ ಕೊನೆಯ ಅಕ್ಷರದ ಮೇಲೆ ಒಂದು ಹನಿ ಬಿಟ್ಟೆ. ಅವಳ ಮಾತು ಕೇಳಲೆಂದು ಇಟ್ಟ ನೀರಿನಿಂದಲೇ, ಕೇಳಿದ್ದೇನೆ ಎಂಬ ಸುಳ್ಳು ಸಾಕ್ಷಿ ಮಾಡಿದೆ. ಅವಳು ಇನ್ನೊಮ್ಮೆ ಹೆಬ್ಬೆರಳು ಒತ್ತಿ, ಸೆರಗಿಗೆ ಒರೆಸಿಕೊಂಡು ಎದ್ದು ಹೋದಳು. ಹತ್ತೊಂಬತ್ತು ವರ್ಷದ ಹುಡುಗಿ ದಾರಿಗಾತಿಯ ಎದುರು ಇನ್ನೇನು ಮಾಡಿಯಾಳು.

ಧೂಳು ಅಳೆದಳು. ಉತ್ತಮ ದರ್ಜೆಯಲ್ಲೇ ಮುಗಿಸಿದಳು. ನನ್ನ ಹೆಸರು ಬೆಂಚಿಗೆ ಬಂತು. ಮುಂದೆ ಅವಳು ಧೂಳು ಇಲಾಖೆಯಲ್ಲಿ ಅಧಿಕಾರಿಯಾಗಿ ದೂರದ ಕರಾವಳಿಗೆ ಹೋದಳು. ಹಂಪವ್ವ ಆರು ವರ್ಷ ಬದುಕಿದ್ದಳಂತೆ. ಅಂದರೆ ಪ್ರಬಂಧಕ್ಕೆ ಬೇಕಾದ್ದಕ್ಕಿಂತ ಎರಡು ಪಟ್ಟು ಹೆಚ್ಚು ಕಾಲ. ಹನ್ನೊಂದು ಜನರಲ್ಲಿ ಕೊನೆಯವರು ತೀರಿಕೊಂಡೇ ಹದಿನೈದು ವರ್ಷವಾಯಿತು. ಆ ಕೈಮಾತಿನ ಒಂದು ಚಿತ್ರವಾಗಲಿ ಪಟ್ಟಿಯಾಗಲಿ ಎಲ್ಲೂ ಇಲ್ಲ. ಧೂಳಿನ ಪ್ರಬಂಧ ಮಾತ್ರ ಗ್ರಂಥಾಲಯದಲ್ಲಿದೆ, ಅದನ್ನು ಈವರೆಗೆ ಯಾರೂ ಎರವಲು ಪಡೆದಿಲ್ಲ.

ಮೊನ್ನೆ ನನ್ನ ಬೀಳ್ಕೊಡುಗೆಗೆ ಗಾಳೆಮ್ಮ ಬಂದಿದ್ದಳು. ತಲೆ ನರೆತಿದೆ. ಹಾರ ಹಾಕಿ ಕಾಲಿಗೆ ನಮಸ್ಕರಿಸಿದಳು. ಆ ನಮಸ್ಕಾರ ನನಗೆ ಚುಚ್ಚಿತು. ಜನರೆಲ್ಲ ಊಟಕ್ಕೆ ಇಳಿದ ಮೇಲೆ ಅವಳನ್ನು ನನ್ನ ಹೆಸರಿರುವ ಬೆಂಚಿನ ಮೇಲೆ ಕೂರಿಸಿ, ನೀರಿನ ಹನಿಯ ವಿಷಯ ನಾನೇ ಎತ್ತಿ ತಪ್ಪೊಪ್ಪಿಕೊಂಡೆ. ಆ ದಿನ ನೀನು ಕೈಯಲ್ಲಿ ಹೇಳಿದ್ದೇನು, ಈಗಲಾದರೂ ಹೇಳು ಎಂದು ಕೇಳಿದೆ. ಗಾಳೆಮ್ಮ ಕೈಗಳನ್ನು ಮಡಿಲಿಂದ ಎತ್ತಿದಳು. ಎಡಗೈ ಮಣಿಕಟ್ಟಿನ ಮೇಲೆ ಬಲಗೈಯ ಎರಡು ಬೆರಳಿಟ್ಟು, ಅಂಗೈಯನ್ನು ನಿಧಾನ ಮೇಲಕ್ಕೆ ಬಿಚ್ಚಿದಳು. ಕೈ ಅಲ್ಲಿಗೇ ನಿಂತಿತು.

“ಹಿಂಗ ಶುರು ಮಾಡಿದ್ದೆ ನೋಡ್ರಿ. ಮುಂದ ನೆನಪಿಲ್ರೀ ಅಮ್ಮಾರ. ಇದರ ಅರ್ಥನೂ ಮರತೇನ್ರಿ. ಮಾತಾಡಾಕ ಯಾರೂ ಇಲ್ಲಂದ್ರ ಕೈಯೂ ಮರೀತಾವ್ರಿ.”

ಅವಳು ಸಿಟ್ಟಾಗಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಬೆಂಚಿನಿಂದ ನನ್ನ ಹೆಸರು ತೆಗೆಸಿ ಎಂದು ಇವತ್ತು ಕಚೇರಿಗೆ ಬರೆದುಕೊಟ್ಟಿದ್ದೇನೆ. ಅದರಿಂದ ಗಾಳೆಮ್ಮನಿಗೆ ಏನೂ ಮರಳಿ ಸಿಗುವುದಿಲ್ಲ.

ಆದ್ದರಿಂದ ಹಿರಿಯರೇ, ಈ ಓಲೆ ಧನ್ಯವಾದದ್ದಲ್ಲ, ಬೇಡಿಕೆಯದು. ನಿಮ್ಮ ಕಾಲದಲ್ಲೂ ಮಕ್ಕಳು ಸಲಹೆ ಕೇಳಲು ಎದುರಿಗೆ ಬಂದು ಕೂರುತ್ತಾರೆ. ಅವರು ಹೇಳಿ ಮುಗಿಸುವ ತನಕ ನಿಮ್ಮ ಕಾಗದ ಖಾಲಿ ಇರಲಿ. ಇನ್ನೊಂದು ಮಾತು. ಬೂದಗಲ್ಲಿನ ಗಣಿ ತೆರೆದದ್ದು ನಿಮ್ಮ ಕಾಲದಲ್ಲೇ ಎಂದು ದಾಖಲೆ ಹೇಳುತ್ತದೆ. ಆ ಕೈಮಾತು ಈಗ ನಿಮ್ಮಲ್ಲಿ ಹುಟ್ಟುತ್ತಿರಬಹುದು. ಯಾರಾದರೂ ಅಲ್ಲಿಗೆ ಹೋದರೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಅಂಗೈ ಬಿಚ್ಚಿದರೆ ಏನರ್ಥ ಎಂದು ಕೇಳಿ, ದಯವಿಟ್ಟು ಎಲ್ಲಾದರೂ ಬರೆದಿಡಿ. ನಾಳೆಯಿಂದ ನನಗೆ ಬೇರೆ ಕೆಲಸವಿಲ್ಲ, ನಿಮ್ಮ ಹಳೆಯ ಕಾಗದಗಳನ್ನು ಒಂದೊಂದಾಗಿ ಹುಡುಕುತ್ತೇನೆ. ಸಿಕ್ಕರೆ ಗಾಳೆಮ್ಮನಿಗೆ ಹೇಳಬೇಕು.

ನಾಚಿಕೆಯಿಂದ,
ಅಮರಮ್ಮ ಕಲಕೇರಿ