ಬ್ಯಾಂಕಾಕಿಗೆ ಬಂದ ತಂತಿ

ಬ್ಯಾಂಕಾಕ್,
೧೬-೩-೧೯೮೯

ಯಜಮಾನರಿಗೆ ಮಹಾನಂದಾಳ ಶರಣು.

"ತಾಯಿ ಸೀರಿಯಸ್, ಕೂಡಲೇ ಹೊರಡು" ಎಂಬ ನಿಮ್ಮ ತಂತಿ ಸೋಮವಾರ ಬಂತು. ಕಾರ್ಖಾನೆಯಲ್ಲಿ ಕೆಲಸ ಎಲ್ಲೆಲ್ಲಿ ನಿಂತು ಕಾಯುತ್ತದೆ ಎಂದು ಕಂಡುಹಿಡಿಯುವುದೇ ನನ್ನ ಇಂಡಸ್ಟ್ರಿಯಲ್ ಸಿಸ್ಟಮ್ಸ್ ಇಂಜಿನಿಯರಿಂಗ್ ಓದು. ಅವತ್ತು ನನಗೇ ಕಾಯಲಾಗಲಿಲ್ಲ. ಪರೀಕ್ಷೆ ಬರೆಯುವುದಿಲ್ಲವೆಂದು ಪ್ರೊಫೆಸರರಿಗೆ ಹೇಳಿ, ಸೂಟ್‌ಕೇಸ್ ತುಂಬಿ, ಆಳಂದದ ನಮ್ಮ ಮನೆ ಪಕ್ಕದ ನಾಗಣ್ಣನವರ ಕಿರಾಣಿ ಅಂಗಡಿಗೆ ಟ್ರಂಕ್ ಕಾಲ್ ಮಾಡಿದೆ. ಅವರು ಮನೆಯತ್ತ ಕೂಗಿದರು. ಫೋನಿಗೆ ಅತ್ತೆಯವರೇ ಬಂದರು.

"ನನಗೇನಾಗ್ಯಾದ ಬೇ? ಜ್ವಾಳ ಹಸನ ಮಾಡಾಕತ್ತಿದ್ದೆ," ಎಂದರು. ತಂತಿಯ ವಿಷಯ ಹೇಳಿದೆ. "ನೀ ಇಲ್ದ ಅಂವಂಗ ಹೊತ್ತ ಹೋಗವಲ್ದು. ನೀ ಪರೀಕ್ಷಾ ಬರಿ," ಎಂದರು.

ಇವತ್ತು ಬರೆದೆ. ಎರಡು ಸಲ ಎದ್ದು ಹೋಗಬೇಕೆನಿಸಿತು, ಹೋಗಲಿಲ್ಲ. ಓದು ಇನ್ನೂ ಒಂದು ವರ್ಷ ಇದೆ.

ಅತ್ತೆಯವರ ಮೇಲೆ ಸಿಟ್ಟಾಗಬೇಡಿ. ಅವರ ಕಣ್ಣನ್ನು ಒಮ್ಮೆ ಕಲಬುರ್ಗಿಯಲ್ಲಿ ತೋರಿಸಿ. ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲವಂತೆ.

ಮುಂದೆ ನಾನು ಬರಬೇಕೆಂದು ನಿಮಗೆ ಅನಿಸಿದರೆ, "ಬಾ" ಎಂದಷ್ಟೇ ಬರೆಯಿರಿ. ಬರಲಿಕ್ಕಾಗದಿದ್ದರೂ ಆ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ.

ನಿಮ್ಮ,
ಮಹಾನಂದಾ