ಎಲೆಯ ಹಿಂದಿನ ಕಾಲು

ಮಾರ್ಚ್ ೯, ಭಾನುವಾರ

ಪ್ರೀತಿಯ ಕೊಕ್ಕರೆ,

ಬೈಯಬೇಡ. ನಿನ್ನ ಕಾಗದ ಬಂದು ಐದು ವಾರವಾಯಿತು. ದಿಂಬಿನ ಕೆಳಗೇ ಇದೆ, ಮಡಿಕೆಗಳು ಹರಿಯುವಷ್ಟು ಸಲ ಓದಿದ್ದೇನೆ. ಕಾಲೇಜಿನಲ್ಲಿ ನಿನ್ನ ಉದ್ದ ಕಾಲು ನೋಡಿ ನಾನಿಟ್ಟ ಹೆಸರನ್ನು ಟೀಚರಮ್ಮ ಆದಮೇಲೂ ಸಹಿಸಿಕೊಂಡಿದ್ದೀಯಲ್ಲ, ಈ ತಡವನ್ನೂ ಹೊಟ್ಟೆಗೆ ಹಾಕಿಕೊ. ಮಂಡಿನೋವು ಹೇಗಿದೆ? ಬೈನಾಕುಲರ್ ನೇತುಹಾಕಿಕೊಂಡು ಕೆರೆ ಸುತ್ತುವುದನ್ನು ಬಿಟ್ಟಿಲ್ಲ ತಾನೆ?

ಮೊದಲು ಮುಖ್ಯವಾದದ್ದು. ಪುಸ್ತಕ ನಿಲ್ಲಿಸು. ನನ್ನ ಹತ್ತೊಂಬತ್ತು ಹಕ್ಕಿಗಳನ್ನು ಅಚ್ಚಿಗೆ ಕೊಡಬೇಡ. ನೀನು ಎರಡು ವರ್ಷ ಅವರಿವರ ಬಾಗಿಲು ತಟ್ಟಿ ಒಪ್ಪಿಸಿದ್ದು ಗೊತ್ತು. ರಕ್ಷಾಪುಟದ ಮೇಲೆ ನನ್ನ ಹೆಸರು ನೋಡಿ ನಾನು ಬಿಕ್ಕಿ ಬಿಕ್ಕಿ ಅತ್ತಿದ್ದೂ ನಿಜ. ಆದರೂ ನಿಲ್ಲಿಸು.

ನೀನು ತಮಾಷೆಗೆ ಕೇಳಿದ್ದೆ. "ಹಾಸಿಗೆ ಬಿಟ್ಟು ಏಳೋಕಾಗದವಳು ರೆಕ್ಕೆ ಒಳಗಿನ ಗರಿ ಒಂದೊಂದನ್ನೂ ಹೇಗೆ ನೋಡಿದೆಯೇ ಗೂಬೆ? ಹಾರೋ ಹಕ್ಕಿ ನಿನಗೊಬ್ಬಳಿಗೆ ರೆಕ್ಕೆ ಬಿಚ್ಚಿ ನಿಲ್ಲುತ್ತಾ?" ಅಂತ. ಮಡಿವಾಳ ಹಕ್ಕಿಯ ಚಿತ್ರದಲ್ಲಿ ಕಾಲಿನ ಮುಂದೆ ಬಂದಿರುವ ಆ ಎಲೆಯೇ ಇಡೀ ಪುಸ್ತಕಕ್ಕೆ ಕಳೆ ಅಂತಲೂ ಬರೆದಿದ್ದೆ. ಕೊನೆಗೆ, "ನಮ್ಮ ನಲವತ್ತೇಳನೇ ನಂಬರಿನವನು ಈ ವರ್ಷ ಬಂದನಾ?" ನಾನು ಕಾಯಿಲೆ ಬೀಳುವ ಹಿಂದಿನ ವಾರ ನಮ್ಮ ಹಿತ್ತಲಲ್ಲಿ ನಾವಿಬ್ಬರೂ ಬಲೆ ಹಾಕಿ ಹಿಡಿದ ಮಡಿವಾಳ ಅವನು. ನಾನು ಅಂಗೈಯಲ್ಲಿ ಹಿಡಿದುಕೊಂಡಿದ್ದೆ, ನೀನು ಬಲಗಾಲಿಗೆ ಅಲ್ಯೂಮಿನಿಯಂ ಉಂಗುರ ತೊಡಿಸಿ ನಂಬರು ಬರೆದುಕೊಂಡೆ. ಅವನ ವಿಷಯ ಆಮೇಲೆ. ಅಲಾರಂ ಹೊಡೆಯಿತು, ಮಲಗಬೇಕು.

ಸೋಮವಾರ

ನನ್ನ ಕಾಯಿಲೆ ನಿನಗೆ ಗೊತ್ತಿರುವುದೇ. ಆರು ವರ್ಷದ ಹಿಂದೆ ಜ್ವರ ಬಂತು, ಹೋಯಿತು. ದಣಿವು ಮಾತ್ರ ಹೋಗಲಿಲ್ಲ. ತಲೆ ಬಾಚಿಕೊಂಡರೆ ಅರ್ಧ ದಿನ ಮಲಗಬೇಕು. ದಿನಕ್ಕೆ ಇಪ್ಪತ್ತು ನಿಮಿಷ ಎದ್ದು ಕೂರಬಹುದು, ಅಷ್ಟೇ. ಅಲಾರಂ ಹೊಡೆದ ಮೇಲೆ ಹಟ ಮಾಡಿ ನಾಲ್ಕು ಗೆರೆ ಹೆಚ್ಚು ಎಳೆದರೆ ಮೂರು ದಿನ ಕಣ್ಣಿಗೆ ಬೆಳಕು ಸೇರುವುದಿಲ್ಲ. ಡಾಕ್ಟರು, "ರಿಪೋರ್ಟೆಲ್ಲ ನಾರ್ಮಲ್ ಇದೆಯಮ್ಮ, ಸ್ವಲ್ಪ ವಾಕಿಂಗ್ ಮಾಡಿ" ಅಂದರು. ನಾದಿನಿ, "ಸುಸ್ತು ನಮಗೂ ಆಗುತ್ತಪ್ಪ, ಹಾಗಂತ ಮಲಗಿಬಿಡ್ತೀವಾ?" ಅಂದಳು. ಅವಳ ಬಾಯಿಗೆ ಪೆನ್ಸಿಲ್ ಡಬ್ಬಿ ತುರುಕಬೇಕು ಅನ್ನಿಸಿತ್ತು. ತುರುಕುವಷ್ಟು ಶಕ್ತಿ ಇರಲಿಲ್ಲ.

ಕಿಟಕಿಗೆ ಹಕ್ಕಿಗಳು ಬರುತ್ತಿದ್ದವು. ನಾನು ಹಾಳೆ ಸರಿಮಾಡಿಕೊಳ್ಳುವಷ್ಟರಲ್ಲಿ ಹಾರಿಹೋಗುತ್ತಿದ್ದವು. ಒಂದು ಕೊಕ್ಕು, ಅರ್ಧ ಬಾಲ, ಎರಡು ಕಾಲು, ಇಷ್ಟೇ ಹಾಳೆಯ ತುಂಬ. ಒಂದು ದಿನ ತಲೆಕೆಟ್ಟು ಡ್ರಾಯಿಂಗ್ ಬೋರ್ಡನ್ನು ಗೋಡೆಗೆ ಎಸೆದೆ. "ಒಂದೇ ಒಂದು ಹಾಳು ಹಕ್ಕಿ ಇಪ್ಪತ್ತು ನಿಮಿಷ ನನ್ನೆದುರು ಅಲ್ಲಾಡದೆ ಕೂತರೆ ಅದರ ಗಂಟೇನು ಹೋಗುತ್ತೆ!" ಅಂತ ಕಿರುಚಿದೆ. ನಮ್ಮನೆಯವರು ಬಗ್ಗಿ ಪೆನ್ಸಿಲ್ಲುಗಳನ್ನು ಆರಿಸಿ, ಮುರಿದ ಮೊನೆಗಳನ್ನು ಬ್ಲೇಡಿನಿಂದ ಚೂಪು ಮಾಡಿ ಇಟ್ಟರು.

ಅವರ ಗಾಜಿನ ಅಂಗಡಿಯನ್ನು ನೀನು ನೋಡಿದ್ದೀಯ. ಬೀದಿ ಕಡೆ ಅಂಗಡಿ, ಹಿಂದೆ ನಮ್ಮ ಎರಡು ಕೋಣೆ, ಮೇಲೆ ತಾರಸಿ. ಕಿಟಕಿ ಗಾಜು ಕತ್ತರಿಸುವುದು, ಕನ್ನಡಿ ಕೂರಿಸುವುದು, ಮೂವತ್ತು ವರ್ಷ ಅದೇ ಕೆಲಸ. ಬೋರ್ಡು ಎಸೆದು ಒಂದು ವಾರಕ್ಕೆ ಅವರು ಪೇಪರಿನಲ್ಲಿ ಸುತ್ತಿದ ಗುಬ್ಬಿಯೊಂದನ್ನು ತಂದರು. "ಹೊಸ ಆಫೀಸು ಕಟ್ಟಡಕ್ಕೆ ಗಾಜು ಹಾಕಿದ್ವಲ್ಲ, ಅದಕ್ಕೆ ಬಂದು ಬಡಿದುಕೊಂಡು ಸತ್ತಿತ್ತು ಕಣೇ. ನಿನಗೆ ಬೇಕಾಗಬಹುದು ಅಂತ ತಂದೆ." ಗಾಜಿಗೆ ಬಡಿದು ಹಕ್ಕಿ ಸಾಯುವುದೇನು ಹೊಸದಲ್ಲ. ನಾನು ನಂಬಿದೆ. ರೆಕ್ಕೆ ಬಿಡಿಸಿ ಥರ್ಮಾಕೋಲಿಗೆ ಗುಂಡುಪಿನ್ನು ಚುಚ್ಚಿ, ದಿನಕ್ಕೆ ಇಪ್ಪತ್ತು ನಿಮಿಷದಂತೆ ಮೂರು ದಿನ ಬರೆದೆ. ಉಳಿದ ಹೊತ್ತು ಅದು ಫ್ರಿಜ್ಜಿನಲ್ಲಿ ಇರುತ್ತಿತ್ತು. ನಾಲ್ಕು ವರ್ಷದಲ್ಲಿ ಮೊದಲ ಸಲ ಒಂದು ಹಕ್ಕಿ ಪೂರ್ತಿಯಾಯಿತು. ಎಷ್ಟು ಖುಷಿಪಟ್ಟೆ ಅಂದರೆ ನಾಚಿಕೆಯಾಗಬೇಕು.

ಆಮೇಲೆ ಮೈನಾ. ಆಮೇಲೆ ಪಾರಿವಾಳ. ಒಂದರ ಹಿಂದೊಂದು ಬರುತ್ತಲೇ ಇದ್ದವು.

ಶುಕ್ರವಾರ

ಮೂರು ದಿನ ಏಳಲಾಗಲಿಲ್ಲ. ಈಗ ಅಸಲು ವಿಷಯ.

ಬೆಳಿಗ್ಗೆ ಒಂಬತ್ತರ ಸುಮಾರಿಗೆ ನನ್ನ ತಲೆಯ ಮೇಲೆ, ತಾರಸಿಯಲ್ಲಿ, ಧಡ್ ಅಂತ ಸದ್ದಾಗುತ್ತಿತ್ತು. ಸ್ವಲ್ಪ ಬಿಟ್ಟು ಮತ್ತೆ ಧಡ್. ಕೇಳಿದರೆ, "ಹಳೇ ಫ್ರೇಮು ಒರಗಿಸಿಟ್ಟಿದ್ದೀನಿ, ಗಾಳಿಗೆ ಬಡಿದುಕೊಳ್ಳುತ್ತೆ" ಅನ್ನುತ್ತಿದ್ದರು. ಹೋದ ತಿಂಗಳು ಹದಿನೆಂಟನೇ ತಾರೀಕು ಆ ಸದ್ದಿನ ಜೊತೆ ಕೂಗು ಕೇಳಿತು. ಸಿಕ್ಕಿಬಿದ್ದ ಹಕ್ಕಿಯ ಕೂಗು ಹೇಗಿರುತ್ತದೆಂದು ನಿನಗೆ ನಾನು ಹೇಳಬೇಕೆ? ಎದ್ದೆ. ಹದಿನೆಂಟು ಮೆಟ್ಟಿಲು. ಒಂದೊಂದರ ಮೇಲೂ ಕೂತು, ಕೈಯೂರಿ ಹಿಂದುಹಿಂದಕ್ಕೆ ಮೈ ಎತ್ತಿಕೊಳ್ಳುತ್ತಾ ಹತ್ತಿದೆ. ಎದೆ ಕಿತ್ತು ಬರುವಂತಾಗಿತ್ತು.

ತಾರಸಿಯ ನಡುವೆ ಆಳೆತ್ತರದ ಕನ್ನಡಿ. ಅದರ ಮುಂದೆ ಒಂದು ಒಣಕೊಂಬೆ ಕಟ್ಟಿ, ಕೆಳಗೆ ನೀರಿನ ಬಟ್ಟಲು, ಕಾಳು ಇಟ್ಟಿದ್ದರು. ಕನ್ನಡಿಯಲ್ಲಿ ಆಕಾಶವೆಲ್ಲ ಇತ್ತು. ಹಾರಿ ಬಂದವು ಆಕಾಶವೆಂದು ನುಗ್ಗಿ ಬಡಿದುಕೊಳ್ಳುತ್ತವೆ. ಕೊಂಬೆಯ ಮೇಲೆ ಕೂತವು ಎದುರಿನದು ಬೇರೆ ಗಂಡು ಅಂದುಕೊಂಡು ಜಗಳಕ್ಕೆ ಬೀಳುತ್ತವೆ. ಅವತ್ತು ಒಂದು ಪಿಕಳಾರ ತನ್ನನ್ನು ತಾನೇ ಕುಕ್ಕುತ್ತಿತ್ತು. ಕೊಕ್ಕು ಸೀಳಿತ್ತು, ಒಂದು ಕಣ್ಣು ಹೋಗಿತ್ತು, ಆದರೂ ಹಿಂದೆ ಸರಿದು ಮತ್ತೆ ನುಗ್ಗುತ್ತಿತ್ತು. ಗಾಜಿನ ಮೇಲೆ ಎದೆಯೆತ್ತರಕ್ಕೆ ರಕ್ತ, ರಕ್ತಕ್ಕೆ ಅಂಟಿದ ಪುಕ್ಕ. ಕೊನೆಗೆ ಕೆಳಗೆ ಬಿದ್ದು ಒದ್ದಾಡಿತು. ನಮ್ಮನೆಯವರು ಬಟ್ಟೆ ಹಾಕಿ ಎತ್ತಿಕೊಂಡು ಕತ್ತು ತಿರುಚಿದರು. ಲಟಕ್ ಅಂದಿತು.

ತಿರುಗಿ ನನ್ನನ್ನು ನೋಡಿದರು. ಆ ಮುಖ ಅರಳಿದ್ದನ್ನು ಹೇಗೆ ಹೇಳಲಿ? "ಅರೆ, ನೀನೇ ಹತ್ತಿ ಬಂದ್ಯಾ! ಮೆಟ್ಟಿಲು ಹತ್ತಿದ್ಯಾ!" ಅಂದರು. ಸತ್ತ ಹಕ್ಕಿ ಕೈಯಲ್ಲೇ ಇತ್ತು.

ಅಲ್ಲೊಂದು ಇಟ್ಟಿಗೆ ಬಿದ್ದಿತ್ತು. ಎರಡೂ ಕೈಯಲ್ಲಿ ಎತ್ತಿ ಕನ್ನಡಿಗೆ ಹಾಕಿದೆ. ಒಂದು ಸಲಕ್ಕೆ ಸೀಳು ಬಿಟ್ಟಿತು. ಹತ್ತಿರ ಹೋಗಿ ಇನ್ನೊಂದು ಸಲ ಹಾಕಿದೆ. ಮೇಲಿನ ತುಂಡು, ಬಾಗಿಲಿನಷ್ಟು ಅಗಲದ್ದು, ಕಳಚಿ ನನ್ನ ಕಡೆಗೇ ವಾಲಿತು. ಬೀಳುವ ಗಾಜಿಗೆ ಕೈ ಕೊಡಬಾರದು, ಕಾಲು ತೆಗೆದು ದೂರ ಸರಿಯಬೇಕು ಅಂತ ಅಂಗಡಿಯಲ್ಲಿ ಎಲ್ಲರಿಗೂ ಬೈದು ಬೈದು ಹೇಳುವವರು ಇವರೇ. ಓಡಿ ಬಂದು ಬಲಗೈ ಕೊಟ್ಟರು. ಮೊಣಕೈಯಿಂದ ಅಂಗೈವರೆಗೆ ಸೀಳಿಹೋಯಿತು. ನೀರಿನ ಬಟ್ಟಲು ಕೆಂಪಾಯಿತು. ನಾನು ನಿಲ್ಲಿಸಿದೆ ಅಂದುಕೊಂಡೆಯಾ? ಇಲ್ಲ. "ಕೊಲೆಗಡುಕ, ಕಟುಕ" ಅಂತ ಅವರ ಬೆನ್ನಿಗೆ, ಭುಜಕ್ಕೆ ಗುದ್ದುತ್ತಲೇ ಇದ್ದೆ. ಪಕ್ಕದ ಮನೆಯ ನರ್ಸಮ್ಮ ಬಂದು ನನ್ನನ್ನು ಎಳೆದು ಹಾಕಿ ಅವರ ತೋಳಿಗೆ ತನ್ನ ದುಪ್ಪಟ್ಟಾ ಬಿಗಿದಳು.

ಆಸ್ಪತ್ರೆಯಲ್ಲಿ ನಲವತ್ತೊಂದು ಹೊಲಿಗೆ. ಎರಡು ಬೆರಳು ಇನ್ನು ಮಡಚುವುದಿಲ್ಲವಂತೆ. ಗಾಜು ಕತ್ತರಿಸುವ ಕೈ ಅದು. ನಾನು ಹನ್ನೊಂದು ದಿನ ಕಿಟಕಿಗೆ ಬೆಡ್‌ಶೀಟು ಕಟ್ಟಿಸಿಕೊಂಡು ಮಲಗಿದೆ. ಎಡಗೈಯಲ್ಲಿ ಅವರೇ ಗಂಜಿ ಕುಡಿಸಿದರು. ಅರ್ಧ ಬಾಯಿಗೆ, ಅರ್ಧ ಕತ್ತಿಗೆ.

ಮಾತು ಬಂದ ದಿನ ಕೇಳಿದೆ, "ಯಾಕ್ರೀ ಹೀಗೆ ಮಾಡಿದ್ರಿ?"

"ಇನ್ಯಾರಿಗೋಸ್ಕರ ಮಾಡ್ತಾರೆ?" ಅಂದರು. "ನೀನು ನಗ್ತಿದ್ದೆ. ಪ್ರತಿ ಹಕ್ಕಿಗೂ ನಗ್ತಿದ್ದೆ. ಅದಕ್ಕೆ ಮುಂಚೆ ನಾಲ್ಕು ವರ್ಷ ನೀನು ನಕ್ಕಿದ್ದು ನಾನು ನೋಡಿಲ್ಲ."

ಡ್ರಾಯಿಂಗ್ ಬೋರ್ಡು ಕೈಗೆ ಸಿಕ್ಕಿತು. ಅದರಲ್ಲೇ ಅವರ ಎಡಭುಜಕ್ಕೆ ಬಾರಿಸಿದೆ. ಅವರು ಅಲ್ಲಾಡಲಿಲ್ಲ. ನಾನು ಅತ್ತೆ, ಅವರೂ ಅತ್ತರು.

ಈಗಲೂ ಪಕ್ಕದಲ್ಲೇ ಕೂತಿದ್ದಾರೆ. "ಯಾರಿಗೆ ಬರೀತಿದ್ದೀ?" ಅಂತ ಕೇಳಿದರು. ಕೊಕ್ಕರೆಗೆ ಅಂದೆ. "ಹತ್ತೊಂಬತ್ತೂ ನಾನೇ ಕೊಂದಿದ್ದು ಅಂತ ಬರಿ. ನಿನಗೇನೂ ಗೊತ್ತಿರಲಿಲ್ಲ ಅಂತ ಬರಿ. ಪುಸ್ತಕ ನಿಲ್ಲೋದು ಬೇಡ" ಅಂದರು. ಅವರು ಹೇಳಿದಂತೆ ಬರೆದಿದ್ದೇನೆ. ಪುಸ್ತಕ ಮಾತ್ರ ಬೇಡ.

ನಿನ್ನ ಮಂಡಿ ಬೇಗ ಗುಣವಾಗಲಿ, ನೀನು ಹೋದ ಕೆರೆಯಲ್ಲೆಲ್ಲ ಹಕ್ಕಿ ತುಂಬಿರಲಿ. ನೂರು ವರ್ಷ ಬಾಳು, ನನ್ನ ಪಾಲಿನದನ್ನೂ ನೀನೇ ನಡೆ.

ನಿನ್ನ
ಗೂಬೆ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಲಕೋಟೆ ತಡಕಿದಾಗಲೇ ಏನೋ ಗಟ್ಟಿಯಾದದ್ದು ನಿನ್ನ ಬೆರಳಿಗೆ ಸಿಕ್ಕಿರುತ್ತದೆ. ನಲವತ್ತೇಳನೇ ನಂಬರು ಅದು. ಅವನು ಬಂದಿದ್ದ.

ಮಡಿವಾಳ ನಾಲ್ಕನೆಯದು. ನಮ್ಮನೆಯವರು ಸತ್ತಿದೆ ಅಂದುಕೊಂಡೇ ಪೇಪರಿನಲ್ಲಿ ಸುತ್ತಿ ಮೇಜಿನ ಮೇಲಿಟ್ಟು ಅಂಗಡಿಗೆ ಹೋದರು. ನಾನು ಅಲಾರಂ ಇಟ್ಟು ಪೇಪರು ಬಿಚ್ಚಿದೆ. ಬಿಸಿಯಾಗಿತ್ತು. ದೂರದ ಕಟ್ಟಡದಿಂದ ತಂದದ್ದಲ್ಲ ಅಂತ ಆಗಲೇ ಗೊತ್ತಾಯಿತು. ಕಣ್ಣು ಬಿಟ್ಟು ನನ್ನನ್ನು ನೋಡಿತು. ಗಾಜಿಗೆ ಬಡಿದು ಮಂಕಾದ ಹಕ್ಕಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲು ಮಾಡಿ ಒಂದು ಗಂಟೆ ಇಟ್ಟರೆ ಎಷ್ಟೋ ಸಲ ತಾನೇ ಹಾರಿಹೋಗುತ್ತದೆ ಅಂತ ನೀನೇ ಕಲಿಸಿದ್ದೆ. ಚಪ್ಪಲಿ ಪೆಟ್ಟಿಗೆ ಮಂಚದ ಕೆಳಗೇ ಇತ್ತು. ಒಂದು ಗಂಟೆ ನನ್ನ ಹತ್ತಿರ ಇರಲಿಲ್ಲ, ಇಪ್ಪತ್ತು ನಿಮಿಷವಿತ್ತು. ಎದೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿದೆ. ಮೂರು ನಿಮಿಷ ಹಿಡಿಯಿತು.

ಆಮೇಲೆ ರೆಕ್ಕೆ ಬಿಡಿಸುವಾಗ ಉಂಗುರ ಕಂಡಿತು ಅಂತ ಬರೆದರೆ ನೀನು ನಂಬುತ್ತೀಯ. ಅದು ಸುಳ್ಳು, ಮೊದಲೇ ಕಂಡಿತ್ತು.

ಅವರದ್ದು ಹದಿನೆಂಟೇ. ಅವರಿಗೆ ಇವತ್ತಿಗೂ ಗೊತ್ತಿಲ್ಲ. ನೀನು ಹೊಗಳಿದ ಆ ಎಲೆಯನ್ನು ಬರೆದದ್ದು ಉಳಿದ ಹದಿನೇಳು ನಿಮಿಷದಲ್ಲಿ.